ಬಿಸಿಯಿಂದ ಬಂದ ಜೀವ ಎಷ್ಟು ದಿನ?

ಕೆಟ್ಟುಹೋದ ವಸ್ತುವನ್ನು ಎಸೆಯುವ ಮುನ್ನ ಅದನ್ನು ಸರಿಪಡಿಸಲು ಯತ್ನಿಸುವುದು ನಮ್ಮ ಹಿರಿಯರಿಂದ ಬಂದ ಒಳ್ಳೆಯ ನಡತೆ. ಹರಿದ ಬಟ್ಟೆಗೆ ತೇಪೆ, ತೂತುಬಿದ್ದ ಕೊಡಕ್ಕೆ ಬೆಸುಗೆ, ಮಾಸಿದ ಹಿತ್ತಾಳೆಯ ಪಾತ್ರೆಗೆ ಕಲಾಯಿ ಎಂದು ಅವರು ಒಂದೊಂದು ವಸ್ತುವನ್ನೂ ಎರಡು ತಲೆಮಾರು ಬಾಳಿಸಿದರು. ದುಂದುವೆಚ್ಚವನ್ನು ಮೆಚ್ಚದ ಸಮುದಾಯಕ್ಕೆ ಇದು ಸಹಜವೂ ಹೌದು. ಆದರೆ ವಸ್ತುವನ್ನು ಸರಿಪಡಿಸುವುದು ಒಂದು, ಅದು ಸರಿಯಾಗಿದೆ ಎಂದು ತೋರುವಂತೆ ಮಾಡುವುದು ಇನ್ನೊಂದು. ಇವೆರಡರ ನಡುವಿನ ಅಂತರವನ್ನು ನಮಗೆ ಮನಗಾಣಿಸಿದ್ದು ಒಂದು ಲ್ಯಾಪ್‌ಟಾಪಿನ ಸತ್ತ ಮದರ್‌ಬೋರ್ಡ್.

ನಮ್ಮ ಬಳಗ ದಾವಣಗೆರೆ ಜಿಲ್ಲೆಯ ನಾಲ್ಕು ಊರುಗಳಲ್ಲಿ ಹಂಚಿಹೋಗಿದೆ. ಮಳೆ ಕಡಿಮೆಯ ಜಗಳೂರಿನಲ್ಲಿ ಒಂದು ಮನೆ, ಅಡಿಕೆಯ ಚನ್ನಗಿರಿಯಲ್ಲಿ ಇನ್ನೊಂದು, ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಮತ್ತೊಂದು, ಅಲ್ಲಿಂದ ಅನತಿ ದೂರದ ನ್ಯಾಮತಿಯಲ್ಲಿ ಹಿರಿಯರ ಮನೆ. ನಾವು ಹೇಳುತ್ತಿರುವುದು 2013ರ ಮಾತು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು.

ಜಗಳೂರಿನ ನಮ್ಮ ಭಾವನವರು ದರ್ಜಿ. ರಮಝಾನ್ ತಿಂಗಳಲ್ಲಿ ಹಗಲಿರುಳು ಹೊಲಿದು ಕೂಡಿಟ್ಟ ಹಣದಲ್ಲಿ ಹನ್ನೊಂದು ಸಾವಿರ ರೂಪಾಯಿ ತೆತ್ತು, ಪದವಿಯ ಕೊನೆಯ ವರ್ಷದಲ್ಲಿದ್ದ ಮಗಳಿಗೆ ನಗರದ ಅಂಗಡಿಯೊಂದರಿಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದರು. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳು. ಅಂಗಡಿಯವರು ಹದಿನೈದು ದಿನಗಳ ಬಾಯಿಮಾತಿನ ಭರವಸೆ ಕೊಟ್ಟಿದ್ದರು. ಇಪ್ಪತ್ಮೂರನೆಯ ದಿನ ಪರದೆ ಕಪ್ಪಾಯಿತು. ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಚಿತ್ರ ಮಾತ್ರ ಬರುತ್ತಿರಲಿಲ್ಲ. ಅಂಗಡಿಗೆ ಹೋದರೆ ಅವಧಿ ಮುಗಿದಿದೆ ಎಂಬ ಉತ್ತರ. ಚಿಪ್ ಲೆವೆಲ್ ಸರ್ವಿಸ್ ಎಂದು ಫಲಕ ಹಾಕಿಕೊಂಡಿದ್ದ ಮತ್ತೊಂದು ಕಡೆ ನಾಲ್ಕೂವರೆ ಸಾವಿರ ಕೇಳಿದರು, ಅದೂ ಖಾತರಿಯಿಲ್ಲದೆ. ಪ್ರಾಜೆಕ್ಟ್ ವರದಿ ಒಪ್ಪಿಸಲು ಅವಳಿಗೆ ಒಂದು ತಿಂಗಳೂ ಉಳಿದಿರಲಿಲ್ಲ.

“ಮಾಮೂ, ನನ್ನ ಬರಹವೆಲ್ಲ ಅದರೊಳಗೇ ಇದೆ. ಅದೂ ಹೋಯಿತೇ?” ಎಂದು ಅವಳು ಫೋನಿನಲ್ಲಿ ಕೇಳಿದಾಗ ನಾವು ಮೊದಲು ಕೊಟ್ಟ ಉತ್ತರವನ್ನು ಓದುಗರೂ ನೆನಪಿಟ್ಟುಕೊಳ್ಳಬೇಕು. ಮದರ್‌ಬೋರ್ಡ್ ಸತ್ತರೆ ಬರಹ ಸಾಯುವುದಿಲ್ಲ. ಬರಹ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಚನ್ನಗಿರಿಯ ನಮ್ಮ ತಮ್ಮ ಅಡಿಕೆ ಮಂಡಿಯ ಲೆಕ್ಕ ಬರೆಯುವವನು, ಅವನ ಬಳಿ ಕಂಪ್ಯೂಟರ್ ಇತ್ತು. ಲ್ಯಾಪ್‌ಟಾಪಿನ ಅಡಿಯ ಎರಡು ತಿರುಪು ಬಿಚ್ಚಿ ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಕೇಸಿಗೆ ಹಾಕಿ ಜೋಡಿಸಿದಾಗ ಎಲ್ಲ ಕಡತಗಳೂ ಕಂಡವು. ಅವನ್ನು ಎರಡು ಕಡೆ ನಕಲು ಮಾಡಿಟ್ಟ ನಂತರವೇ ನಾವು ಬೋರ್ಡಿನ ವಿಚಾರಕ್ಕೆ ಬಂದೆವು. ಯಾವ ಪ್ರಯೋಗಕ್ಕೂ ಮುನ್ನ, ಕಳೆದರೆ ಮರಳಿ ಸಿಗದುದನ್ನು ಬದಿಗೆ ತೆಗೆದಿಡುವುದು ಮೊದಲ ಕೆಲಸ.

ಬರಹ ಉಳಿಯಿತು, ಯಂತ್ರ ಉಳಿಯಲಿಲ್ಲ. ಸೈಬರ್ ಕೆಫೆಯಲ್ಲಿ ಗಂಟೆಗಟ್ಟಲೆ ಕುಳಿತು ವರದಿ ಮುಗಿಸುವುದು ಜಗಳೂರಿನ ಆ ಮಗುವಿಗೆ ಸುಲಭವಾಗಿರಲಿಲ್ಲ. ಹೊನ್ನಾಳಿಯಲ್ಲಿ ಮೊಬೈಲ್ ರಿಪೇರಿ ಮಾಡುವ ನಮ್ಮ ಇನ್ನೊಬ್ಬ ತಮ್ಮ ಆಗ ಒಂದು ಮಾತು ಹೇಳಿದ: “ಬೋರ್ಡನ್ನು ಓವನ್ನಿನಲ್ಲಿಟ್ಟು ಬಿಸಿ ಮಾಡಿದರೆ ಕೆಲವೊಮ್ಮೆ ಜೀವ ಬರುತ್ತದೆ.” ಕೇಕ್ ಬೇಯಿಸುವ ಪೆಟ್ಟಿಗೆಯಲ್ಲಿ ಕಂಪ್ಯೂಟರಿನ ಹಲಗೆಯನ್ನು ಬೇಯಿಸುವುದೇ ಎಂದು ಎಲ್ಲರೂ ನಕ್ಕರು. ಆದರೆ ಅವನ ಮಾತು ಕಟ್ಟುಕತೆಯಾಗಿರಲಿಲ್ಲ. ಆ ವರ್ಷಗಳಲ್ಲಿ ಲೋಕದ ನಾನಾ ಕಡೆ ಜನರು ಗ್ರಾಫಿಕ್ಸ್ ಕಾರ್ಡುಗಳನ್ನೂ ಲ್ಯಾಪ್‌ಟಾಪ್ ಬೋರ್ಡುಗಳನ್ನೂ ಕೆಲವು ಲೇಸರ್ ಪ್ರಿಂಟರುಗಳ ಬೋರ್ಡುಗಳನ್ನೂ ಹೀಗೆಯೇ ಬೇಯಿಸಿ ಮತ್ತೆ ನಡೆಯುವಂತೆ ಮಾಡುತ್ತಿದ್ದರು.

ಇದರ ಹಿನ್ನೆಲೆಯನ್ನು ತಿಳಿದರೆ ಮುಂದಿನದು ಅರ್ಥವಾಗುತ್ತದೆ. ಬೋರ್ಡಿನ ಮೇಲಿರುವ ದೊಡ್ಡ ಚಿಪ್ಪುಗಳಿಗೆ ಹೊರಗೆ ಚಾಚಿದ ಕಾಲುಗಳಿರುವುದಿಲ್ಲ. ಅವುಗಳ ಅಡಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ನೂರಾರು ಬೆಸುಗೆಯ ಗುಂಡುಗಳು ಸಾಲಾಗಿರುತ್ತವೆ. ಚಿಪ್ಪಿಗೂ ಬೋರ್ಡಿಗೂ ಇರುವ ಸಂಪರ್ಕವೆಲ್ಲ ಆ ಗುಂಡುಗಳ ಮೂಲಕವೇ. ಹಿಂದೆ ಈ ಬೆಸುಗೆಯು ತವರ ಮತ್ತು ಸೀಸದ ಮಿಶ್ರಣವಾಗಿತ್ತು, 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತಿತ್ತು. ಸೀಸವು ಮನುಷ್ಯನ, ವಿಶೇಷವಾಗಿ ಮಕ್ಕಳ ಮೆದುಳಿಗೆ ವಿಷವಾದುದರಿಂದ ಐರೋಪ್ಯ ಒಕ್ಕೂಟವು 2006ರ ಜುಲೈ 1ರಿಂದ ವಿದ್ಯುನ್ಮಾನ ಸಾಧನಗಳಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿತು. ಆ ಬಳಿಕ ತವರಕ್ಕೆ ಸ್ವಲ್ಪ ಬೆಳ್ಳಿ ಮತ್ತು ತಾಮ್ರ ಬೆರೆಸಿದ ಬೆಸುಗೆ ಎಲ್ಲೆಡೆ ಬಂತು. ಇದು ಕರಗಲು ಸುಮಾರು 217 ಡಿಗ್ರಿ ಬೇಕು.

ಅದೇ ಕಾಲದಲ್ಲಿ ಬಂದ ಕೆಲವು ಯಂತ್ರಗಳು ವರ್ಷ ಎರಡು ವರ್ಷಗಳಲ್ಲಿಯೇ ಸಾಯತೊಡಗಿದವು. ಮೈಕ್ರೋಸಾಫ್ಟ್ ಕಂಪೆನಿಯ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರದಲ್ಲಿ ಕೆಂಪು ದೀಪಗಳು ಹೊತ್ತಿಕೊಂಡು ಎಲ್ಲವೂ ಸ್ತಬ್ಧವಾಗುತ್ತಿತ್ತು. 2007ರ ಜುಲೈಯಲ್ಲಿ ಆ ಕಂಪೆನಿ ಖಾತರಿಯನ್ನು 3 ವರ್ಷಗಳಿಗೆ ವಿಸ್ತರಿಸಿ, ಅದಕ್ಕಾಗಿ 100 ಕೋಟಿ ಡಾಲರಿಗೂ ಹೆಚ್ಚಿನ ಹಣ ತೆಗೆದಿರಿಸುವುದಾಗಿ ಪ್ರಕಟಿಸಿತು. 2008ರ ಜುಲೈಯಲ್ಲಿ ಎನ್‌ವಿಡಿಯಾ ಕಂಪೆನಿಯೂ ಲ್ಯಾಪ್‌ಟಾಪುಗಳಿಗೆ ತಾನು ಒದಗಿಸಿದ ಕೆಲವು ಗ್ರಾಫಿಕ್ಸ್ ಚಿಪ್ಪುಗಳ ಕಟ್ಟಣೆಯಲ್ಲಿ ದುರ್ಬಲತೆ ಇದೆಯೆಂದು ಒಪ್ಪಿಕೊಂಡು, 15ರಿಂದ 20 ಕೋಟಿ ಡಾಲರುಗಳ ಹೊರೆಯನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡಿತು. ನಮ್ಮ ಮುಂದಿದ್ದ ಲ್ಯಾಪ್‌ಟಾಪ್ ಕೂಡ ಆ ಪೀಳಿಗೆಯದೇ, ಅದರ ರೋಗಲಕ್ಷಣವೂ ಅದೇ.

ಚಿಪ್ಪು ಕೆಲಸ ಮಾಡುವಾಗ ಕಾಯುತ್ತದೆ, ನಿಲ್ಲಿಸಿದಾಗ ತಣಿಯುತ್ತದೆ. ಕಾದಾಗ ಸಿಲಿಕಾನ್ ಹಿಗ್ಗುವುದಕ್ಕಿಂತ ಅದರ ಕೆಳಗಿನ ಹಲಗೆ ಸುಮಾರು ಐದು ಪಟ್ಟು ಹೆಚ್ಚು ಹಿಗ್ಗುತ್ತದೆ. ದಿನವೂ ಹೀಗೆ ಎಳೆದಾಡಿಸಿಕೊಂಡ ಸೂಕ್ಷ್ಮ ಸಂಪರ್ಕವೊಂದು ಕೊನೆಗೊಂದು ದಿನ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬೋರ್ಡನ್ನು ಬಿಸಿ ಮಾಡಿದರೆ ಬೆಸುಗೆ ಕರಗಿ, ಆ ಬಿರುಕು ಮುಚ್ಚಿ ಮತ್ತೆ ಗಟ್ಟಿಯಾಗುತ್ತದೆ ಎಂಬುದೇ ಓವನ್ ಚಿಕಿತ್ಸೆಯ ಹಿಂದಿನ ನಂಬಿಕೆ.

ಇನ್ನು ಓವನ್ ಎಲ್ಲಿಂದ ತರುವುದು? ಪರಿಚಯದ ಬೇಕರಿಯೊಂದರ ಭಟ್ಟಿಯಲ್ಲಿಡಬಹುದೇ ಎಂದು ಒಬ್ಬರು ಸೂಚಿಸಿದರು. ಬೇಕರಿಯವರು ಕೇಳಿದ ಕ್ಷಣವೇ ಬೇಡವೆಂದರು. “ಊರಿನವರು ತಿನ್ನುವ ಬ್ರೆಡ್ಡು ಬೇಯುವ ಜಾಗ ಇದು” ಎಂದ ಅವರ ಮಾತು ಸರಿಯಾಗಿತ್ತು. ಬೋರ್ಡು ಕಾದಾಗ ಅದರ ರಾಳ, ಪ್ಲಾಸ್ಟಿಕ್, ಬೆಸುಗೆಯ ಪಸೆ ಎಲ್ಲವೂ ಹೊಗೆಯಾಡುತ್ತವೆ. ಆ ಹೊಗೆಯ ಲೇಪ ಓವನ್ನಿನ ಒಳಗೋಡೆಗೆ ಅಂಟುತ್ತದೆ, ಮರುದಿನ ರೊಟ್ಟಿಗೆ ಇಳಿಯುತ್ತದೆ. ಆಹಾರವು ಹಲಾಲ್ ಆಗಿದ್ದರೆ ಸಾಲದು, ಶುದ್ಧವೂ ಹಾನಿರಹಿತವೂ ಆಗಿರಬೇಕು ಎಂದು ನಂಬುವ ಮನೆಗಳಲ್ಲಿ ಇದಕ್ಕೆ ಎರಡನೆಯ ಮಾತಿಲ್ಲ. ಕೊನೆಗೆ ನ್ಯಾಮತಿಯ ಮನೆಯ ಅಟ್ಟದಲ್ಲಿ ಬಿದ್ದಿದ್ದ ಹಳೆಯ ವಿದ್ಯುತ್ ಓವನ್ ಒಂದನ್ನು ಇಳಿಸಿದೆವು. ನಾನಿಯವರು ಅದನ್ನು ಕೊಡುವ ಮುನ್ನ ಒಂದು ಷರತ್ತು ಹಾಕಿದರು: ಅದು ಮತ್ತೆ ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ಬರಕೂಡದು. ಹಿತ್ತಲಿನ ಬಯಲಲ್ಲಿ ಕಲ್ಲಿನ ಮೇಲೆ ಅದನ್ನಿಟ್ಟು, ಮಕ್ಕಳನ್ನು ಒಳಗೆ ಕಳುಹಿಸಿದೆವು.

ಲ್ಯಾಪ್‌ಟಾಪನ್ನು ಬಿಚ್ಚುವ ಕೆಲಸವೇ ಅರ್ಧ ದಿನ ಹಿಡಿಯಿತು. ಬ್ಯಾಟರಿ ಮೊದಲು ಹೊರಗೆ, ನಂತರ ಗಡಿಯಾರಕ್ಕೆಂದು ಬೋರ್ಡಿನಲ್ಲಿರುವ ಗುಂಡಿಯಾಕಾರದ ಪುಟ್ಟ ಸೆಲ್ಲು. ಇವು ಬಿಸಿಯಲ್ಲಿ ಸಿಡಿಯುತ್ತವೆ. ಆಮೇಲೆ ರ‍್ಯಾಮ್, ಪ್ರೊಸೆಸರ್, ಫ್ಯಾನ್, ತಾಮ್ರದ ಕೊಳವೆ, ತಂತಿಗಳು, ಅಂಟುಪಟ್ಟಿಗಳು. ಬಿಚ್ಚಿದ ತಿರುಪುಗಳನ್ನು ಹೊನ್ನಾಳಿಯ ತಮ್ಮ ಕಾಗದದ ಮೇಲೆ ಬೋರ್ಡಿನ ಚಿತ್ರ ಬರೆದು ಆಯಾ ಜಾಗದಲ್ಲಿಯೇ ಅಂಟಿಸುತ್ತ ಹೋದ.

ಬೋರ್ಡು ಪೂರ್ತಿ ಹೊರಬಂದಾಗ ಅವನು ಸುಮ್ಮನಾದ. ಅದರ ಒಂದು ಅಂಚಿನ ಬಿಳಿ ಪ್ಲಾಸ್ಟಿಕ್ ಕನೆಕ್ಟರ್ ಹಳದಿಗೆ ತಿರುಗಿತ್ತು. ಗ್ರಾಫಿಕ್ಸ್ ಚಿಪ್ಪಿನ ಸುತ್ತ ಫ್ಲಕ್ಸ್ ಒಣಗಿದ ಕಂದು ಕಲೆ ಇತ್ತು. ತಿರುಪಿನ ರಂಧ್ರವೊಂದರಲ್ಲಿ ಅಲ್ಯುಮಿನಿಯಂ ಹಾಳೆಯ ಚೂರೊಂದು ಸಿಕ್ಕಿಕೊಂಡಿತ್ತು. ನಾವು ಮಾಡಹೊರಟಿದ್ದನ್ನು ನಮಗಿಂತ ಮೊದಲೇ ಯಾರೋ ಮಾಡಿದ್ದರು. ಭಾವನವರು ಹನ್ನೊಂದು ಸಾವಿರ ರೂಪಾಯಿ ಕೊಟ್ಟು ಕೊಂಡದ್ದು ಬಿಸಿ ಕೊಟ್ಟು ಎಬ್ಬಿಸಿದ ಯಂತ್ರವನ್ನು. ಅಂಗಡಿಯವರ ಕೈಗೂ ಅದು ಹಾಗೆಯೇ ಬಂದಿರಬಹುದು. ಕಾಣದುದರ ಬಗ್ಗೆ ಕೆಟ್ಟ ಊಹೆ ಮಾಡಬಾರದೆಂದು ನಾವು ಯಾರ ಮೇಲೂ ಬೆರಳು ತೋರಿಸಲಿಲ್ಲ. ಆದರೆ ಮೂರು ಗುರುತುಗಳೂ ಕಣ್ಣೆದುರೇ ಇದ್ದವು.

ಆದರೂ ಪ್ರಯತ್ನಿಸಿದೆವು, ಏಕೆಂದರೆ ಬೇರೆ ದಾರಿ ಇರಲಿಲ್ಲ. ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ ನಾಲ್ಕು ಮೂಲೆಗೂ ಕಾಲುಗಳಂತೆ ಇಟ್ಟು ಬೋರ್ಡನ್ನು ತಟ್ಟೆಗೆ ತಾಗದಂತೆ ನಿಲ್ಲಿಸಿದೆವು. ಓವನ್ ಮೊದಲೇ 200 ಡಿಗ್ರಿಗೆ ಕಾದಿತ್ತು. ಎಂಟು ನಿಮಿಷ ಒಳಗಿಟ್ಟು ಸ್ವಿಚ್ಚು ಆರಿಸಿ, ಬಾಗಿಲು ತೆರೆದು, ಕೈ ಮುಟ್ಟಿಸದೆ ಒಂದು ಗಂಟೆ ಹಾಗೆಯೇ ಬಿಟ್ಟೆವು. ಸುಟ್ಟ ರಾಳದ ಘಾಟು ಹಿತ್ತಲನ್ನೆಲ್ಲ ತುಂಬಿತ್ತು. ಅಸರ್ ನಮಾಝ್ ಮುಗಿಸಿ ಬಂದು ಜೋಡಿಸಲು ಕುಳಿತವರು ಮಗ್ರಿಬ್ ಹೊತ್ತಿಗೆ ಕೊನೆಯ ತಿರುಪು ಹಾಕಿದೆವು. ಗುಂಡಿ ಒತ್ತಿದಾಗ ಪರದೆ ಬೆಳಗಿತು. ಎಲ್ಲರ ಬಾಯಿಂದಲೂ ಒಮ್ಮೆಲೇ ಅಲ್‌ಹಮ್ದುಲಿಲ್ಲಾಹ್ ಎಂಬ ಮಾತು ಬಂತು. ಜಗಳೂರಿಗೆ ಫೋನು ಹೋಯಿತು.

ಆದರೆ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಸೀಸವಿಲ್ಲದ ಬೆಸುಗೆ ಕರಗಲು 217 ಡಿಗ್ರಿ ಬೇಕಾಗಿರುವಾಗ 200 ಡಿಗ್ರಿಯಲ್ಲಿ ಕರಗಿದ್ದೇನು? ಏನೂ ಕರಗಿರಲಿಲ್ಲ. ಬಿರುಕು ಇದ್ದದ್ದು ಬೋರ್ಡಿಗೂ ಚಿಪ್ಪಿಗೂ ನಡುವಿನ ಗುಂಡುಗಳಲ್ಲಲ್ಲ, ಚಿಪ್ಪಿನ ಒಡಲಲ್ಲಿ. ಅಲ್ಲಿ ಸಿಲಿಕಾನ್ ತುಣುಕನ್ನು ಅದರ ಪೀಠಕ್ಕೆ ಜೋಡಿಸುವ ಇನ್ನೂ ಸಣ್ಣ ಬೆಸುಗೆಯ ಬಿಂದುಗಳಿರುತ್ತವೆ. ಆ ಚಿಪ್ಪುಗಳಲ್ಲಿ ಅವು ಬಹುಪಾಲು ಸೀಸದವು, 300 ಡಿಗ್ರಿ ದಾಟಿದರಷ್ಟೇ ಕರಗುವಂಥವು. ಆ ಬಿಂದುಗಳ ಸುತ್ತ ತುಂಬಿರುವ ರಾಳ ಮಾತ್ರ ಕಡಿಮೆ ಬಿಸಿಗೇ ಮೆದುವಾಗುತ್ತದೆ. ಎಲ್ಲವೂ ಹಿಗ್ಗಿ ಕುಗ್ಗುವಾಗ ಬಿರುಕಿನ ಎರಡು ದಡಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಪರದೆ ಬೆಳಗುತ್ತದೆ. ಆದರೆ ಅದು ಬೆಸೆದದ್ದಲ್ಲ, ತಾಗಿದ್ದು ಅಷ್ಟೇ. ಮತ್ತೆ ಕಾದು ತಣಿದಂತೆ ಅದು ಬಿಟ್ಟುಕೊಳ್ಳಲೇಬೇಕು. ಎಕ್ಸ್‌ಬಾಕ್ಸ್ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಅದರದೇ ಬಿಸಿಯಿಂದ ಎಬ್ಬಿಸುತ್ತಿದ್ದವರು ಕಂಡದ್ದೂ ಇದನ್ನೇ. 2021ರ ಡಿಸೆಂಬರಿನಲ್ಲಿ ಬಂದ ಎಕ್ಸ್‌ಬಾಕ್ಸ್ ಕುರಿತ ಸಾಕ್ಷ್ಯಚಿತ್ರದಲ್ಲಿ, ಅದನ್ನು ಕಟ್ಟಿದವರೇ ಮುರಿತವು ಚಿಪ್ಪಿನ ಒಳಗಿನ ಸಂಪರ್ಕಗಳಲ್ಲಿತ್ತು, ಮತ್ತೆ ಮತ್ತೆ ಕಾದು ತಣಿದದ್ದೇ ಅದಕ್ಕೆ ಕಾರಣ ಎಂದು ವಿವರಿಸಿದ್ದಾರೆ. ಒಳಗಿನ ಮುರಿತಕ್ಕೆ ಹೊರಗಿನ ಬಿಸಿ ಮದ್ದಲ್ಲ. ಅದರ ಮದ್ದು ಒಂದೇ, ಕೆಟ್ಟ ಚಿಪ್ಪನ್ನು ತೆಗೆದು ದೋಷವಿಲ್ಲದ ಚಿಪ್ಪನ್ನು ಕೂರಿಸುವುದು.

ಇದನ್ನು ನಾವು ಆ ಹುಡುಗಿಗೆ ಮುಚ್ಚಿಡಲಿಲ್ಲ. “ಇದು ಎಷ್ಟು ದಿನ ನಡೆಯುತ್ತದೋ ಅಷ್ಟು ದಿನ ನಿನ್ನ ಕೆಲಸ ಮುಗಿಸಿಕೋ. ಪ್ರತಿದಿನ ರಾತ್ರಿ ಬರೆದದ್ದನ್ನು ಪೆನ್ ಡ್ರೈವಿಗೆ ಹಾಕಿಕೋ. ಇದನ್ನು ನಂಬಿ ಕೂರಬೇಡ” ಎಂದೆವು. ಅವಳು ಹಾಗೆಯೇ ಮಾಡಿದಳು. ಹತ್ತೊಂಬತ್ತು ದಿನಗಳಲ್ಲಿ ವರದಿ ಪೂರ್ತಿಯಾಯಿತು.

ನಿಜವಾದ ಪರೀಕ್ಷೆ ಬಂದದ್ದು ಆ ಮೇಲೆ. ಯಂತ್ರ ಇನ್ನೂ ನಡೆಯುತ್ತಿತ್ತು. ಹಿತೈಷಿಗಳೊಬ್ಬರು ಭಾವನವರಿಗೆ ಸಲಹೆ ಕೊಟ್ಟರು: “ಈಗ ಚೆನ್ನಾಗಿ ಬೂಟ್ ಆಗುತ್ತಿದೆ. ಇವತ್ತೇ ಯಾವುದಾದರೂ ಅಂಗಡಿಗೆ ಎಕ್ಸ್‌ಚೇಂಜಿಗೆ ಹಾಕಿಬಿಡಿ. ಎಂಟು ಸಾವಿರಕ್ಕೆ ಮೋಸವಿಲ್ಲ. ನಿಮಗೂ ಹೀಗೆಯೇ ತಾನೆ ಕೊಟ್ಟರು?” ಈ ಮಾತಿನಲ್ಲಿ ಲೋಕರೂಢಿಯ ತರ್ಕವಿತ್ತು. ಒಬ್ಬ ದರ್ಜಿಗೆ ಎಂಟು ಸಾವಿರವೆಂದರೆ ಎಷ್ಟು ರಾತ್ರಿಗಳ ಹೊಲಿಗೆ ಎಂಬುದು ನಮಗೆ ಗೊತ್ತಿತ್ತು. ಆದುದರಿಂದ ನಾವು ಅವರಿಗೆ ಉಪದೇಶಕ್ಕೆ ಹೋಗಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಅದನ್ನು ಕೊಂಡುಕೊಳ್ಳುವವರೂ ಯಾರೋ ಒಬ್ಬರ ಮಗಳಿಗೆಂದೇ ಕೊಂಡುಕೊಳ್ಳುತ್ತಾರೆ.” ಆ ವಿಷಯದಲ್ಲಿ ಮತ್ತೆ ಯಾರೂ ಮಾತಾಡಲಿಲ್ಲ.

ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈಯಿಟ್ಟು ಒದ್ದೆಯನ್ನು ಕಂಡ ಘಟನೆ ನಮ್ಮ ಮಕ್ಕಳಿಗೂ ತಿಳಿದದ್ದೇ. ಮಳೆಯಿಂದ ನೆನೆಯಿತು ಎಂದು ಮಾರುವವನು ಹೇಳಿದಾಗ, ಹಾಗಿದ್ದರೆ ಜನರಿಗೆ ಕಾಣುವಂತೆ ಒದ್ದೆಯ ಕಾಳನ್ನು ಮೇಲೆ ಇಡಬೇಕಿತ್ತು ಎಂದು ಅವರು ತಿಳಿಹೇಳಿದರು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಮಳೆ ಬಂದದ್ದು ಆ ವ್ಯಾಪಾರಿಯ ತಪ್ಪಾಗಿರಲಿಲ್ಲ, ಕಾಳು ನೆನೆದದ್ದಕ್ಕೆ ಅವನನ್ನು ದೂರಲೂ ಇಲ್ಲ. ಒದ್ದೆಯನ್ನು ಕೆಳಗೆ ಮುಚ್ಚಿಟ್ಟದ್ದಷ್ಟೇ ಪ್ರಶ್ನೆಗೆ ಒಳಗಾಯಿತು. ಚಿಪ್ಪಿನ ದೋಷವೂ ಹಾಗೆಯೇ. ಅದು ದೂರದ ಕಾರ್ಖಾನೆಯಿಂದ ಬಂದದ್ದು, ನಮ್ಮ ಊರಿನ ಅಂಗಡಿಯವನು ಮಾಡಿದ್ದಲ್ಲ. ದೋಷವಿರುವ ಯಂತ್ರವನ್ನು ಮಾರುವುದೂ ನಿಷಿದ್ಧವಲ್ಲ. ಬಿಸಿ ಕೊಟ್ಟು ಎಬ್ಬಿಸಿದ್ದೇವೆ, ತಿಂಗಳು ನಡೆದರೆ ನಡೆಯಿತು ಎಂದು ಹೇಳಿ ಮಾರಿದರೆ ಕೊಳ್ಳುವವನು ತನ್ನ ಅಳವು ನೋಡಿಕೊಂಡು ಎರಡು ಸಾವಿರ ಕೊಟ್ಟಾನು, ಅಥವಾ ಬೇಡವೆಂದಾನು. ಹೇಳದೆ ಮಾರಿದರೆ ಆ ಬಿಸಿಯೇ ಮುಚ್ಚಿಡುವ ಸಾಧನವಾಗುತ್ತದೆ. ಮಾಲಿನಲ್ಲಿರುವ ಐಬನ್ನು ತಿಳಿಸದೆ ಮಾರಿದ್ದರೆ ಕೊಂಡವನಿಗೆ ಹಿಂದಿರುಗಿಸುವ ಹಕ್ಕಿದೆ ಎಂದು ನಮ್ಮ ಫಿಕ್‌ಹ್ ವಿದ್ವಾಂಸರು ಶತಮಾನಗಳ ಹಿಂದೆಯೇ ವಿವರಿಸಿದ್ದಾರೆ.

ಇಪ್ಪತ್ತೇಳನೆಯ ದಿನ ಪರದೆ ಮತ್ತೆ ಕಪ್ಪಾಯಿತು. ಇನ್ನೊಮ್ಮೆ ಬಿಸಿ ಕೊಟ್ಟು ನೋಡಿದೆವು, ಎರಡು ದಿನ ನಡೆಯಿತು. ಅಷ್ಟರಲ್ಲಿ ಬೋರ್ಡಿನ ಒಂದು ಕೆಪಾಸಿಟರ್ ಉಬ್ಬಿಕೊಂಡಿತ್ತು. ಆ ಬಿಡಿಭಾಗಗಳು ಸಾಮಾನ್ಯವಾಗಿ 105 ಡಿಗ್ರಿಯವರೆಗಿನ ಬಿಸಿಗೆಂದು ಮಾಡಿದವು, 200 ಡಿಗ್ರಿಗೆ ಅಲ್ಲ. ಹಲಗೆಯೂ ಕೊಂಚ ಬಾಗಿತ್ತು. ಪ್ರತಿ ಬಾರಿಯ ಬಿಸಿಯೂ ಒಂದು ಸಂಪರ್ಕವನ್ನು ತಾಗಿಸುವಾಗ ಇನ್ನು ನಾಲ್ಕನ್ನು ಸಡಿಲಿಸುತ್ತದೆ. ಅಲ್ಲಿಗೆ ನಿಲ್ಲಿಸಿದೆವು. ಡಿಸ್ಕ್, ರ‍್ಯಾಮ್ ಮತ್ತು ಪರದೆ ಬೇರೆಯವರ ಉಪಯೋಗಕ್ಕೆ ಹೋದವು. ಬೋರ್ಡಿನ ಮೇಲೆ ಹೊನ್ನಾಳಿಯ ತಮ್ಮ ಶಾಶ್ವತ ಶಾಯಿಯಲ್ಲಿ ‘ಬಿಸಿ ಕೊಟ್ಟದ್ದು, ಮಾರಬಾರದು’ ಎಂದು ಬರೆದ.

ಇಂದು ನಮ್ಮ ಮನೆಗಳಲ್ಲಿ ಹಳೆಯ ಕಂಪ್ಯೂಟರುಗಳನ್ನು ಕೊಳ್ಳುವವರೂ ಮಾರುವವರೂ ರಿಪೇರಿ ಮಾಡುವವರೂ ಇದ್ದಾರೆ. ಈ ಅನುಭವದಿಂದ ಅವರಿಗೆ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಹೇಳುವುದು ನಮ್ಮ ಕರ್ತವ್ಯ.

ಕೊಳ್ಳುವವರು ಬಿಲ್ಲು ಪಡೆಯಲಿ, ಭರವಸೆಯ ಅವಧಿಯನ್ನು ಅದರಲ್ಲಿಯೇ ಬರೆಸಿಕೊಳ್ಳಲಿ. ಬೋರ್ಡಿಗೆ ಹಿಂದೆ ಬಿಸಿ ಕೊಟ್ಟಿದೆಯೇ, ಚಿಪ್ ಕೆಲಸ ನಡೆದಿದೆಯೇ ಎಂದು ನೇರವಾಗಿ ಕೇಳಲಿ. ಐದು ನಿಮಿಷ ಉರಿಸಿ ನೋಡಿ ತೃಪ್ತರಾಗದೆ, ಒಂದು ಗಂಟೆ ವಿಡಿಯೋ ಓಡಿಸಿ, ಪೂರ್ತಿ ತಣಿಯಲು ಬಿಟ್ಟು ಮತ್ತೆ ಆರಂಭಿಸಿ ನೋಡಲಿ. ತಾಗಿ ನಿಂತ ಸಂಪರ್ಕವಿದ್ದರೆ ಅದು ಬಿಟ್ಟುಕೊಳ್ಳುವುದು ಇಂಥ ಕಾದು ತಣಿಯುವ ಹೊತ್ತಿನಲ್ಲಿಯೇ.

ಯಂತ್ರ ಸತ್ತರೆ ಮೊದಲು ಡಿಸ್ಕನ್ನು ಕಾಪಾಡಿಕೊಳ್ಳಿರಿ. ಅಡುಗೆ ಮಾಡುವ ಓವನ್ನಿನಲ್ಲಿ ಬೋರ್ಡನ್ನು ಎಂದಿಗೂ ಇಡಬೇಡಿರಿ. ಹೊಗೆ ಹೋಗಲು ದಾರಿಯಿಲ್ಲದ ಕೋಣೆಯಲ್ಲಿ, ಮಕ್ಕಳ ಸಮೀಪ, ಬ್ಯಾಟರಿ ತೆಗೆಯದೆ ಈ ಕೆಲಸಕ್ಕೆ ಕೈಹಾಕಬೇಡಿರಿ. ನಿಜವಾದ ದುರಸ್ತಿ ಬೇಕಿದ್ದರೆ ಚಿಪ್ಪನ್ನು ಎತ್ತಿ ಕೂರಿಸುವ ಯಂತ್ರವಿರುವವರ ಬಳಿಗೆ ಹೋಗಿ, ಹಳೆಯ ಚಿಪ್ಪಿಗೇ ಹೊಸ ಗುಂಡು ಹಾಕುತ್ತೀರಾ, ಚಿಪ್ಪನ್ನೇ ಬದಲಿಸುತ್ತೀರಾ ಎಂದು ಕೇಳಿರಿ. ಒಳಗೆ ಬಿರುಕುಬಿಟ್ಟ ಚಿಪ್ಪಿಗೆ ಹೊಸ ಗುಂಡು ಹಾಕುವುದರಿಂದಲೂ ಆಯುಸ್ಸು ಬರುವುದಿಲ್ಲ. ಪೂರ್ತಿ ಸತ್ತ ಬೋರ್ಡನ್ನು ಕಸದ ತಿಪ್ಪೆಗೆ ಹಾಕಬೇಡಿರಿ, ಸುಡಲೂ ಬೇಡಿರಿ. ಅದರೊಳಗಿನ ಸೀಸ ನಮ್ಮ ನೆಲಕ್ಕೂ ಬಾವಿಗೂ ಇಳಿಯುತ್ತದೆ. ಇ-ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಇಂಥವನ್ನು ನೋಂದಾಯಿತ ಮರುಬಳಕೆಯವರಿಗೆ ಒಪ್ಪಿಸಬೇಕಾಗಿದೆ.

ರಿಪೇರಿಯ ಕಸುಬಿನಲ್ಲಿರುವ ಸಹೋದರರಿಗೆ ಒಂದು ಮಾತು. ನಿಮ್ಮ ಕೈಚಳಕದಿಂದ ಸತ್ತ ಯಂತ್ರವೊಂದು ಕೆಲವು ದಿನ ಉಸಿರಾಡಿದರೆ ಅದು ಬಡ ವಿದ್ಯಾರ್ಥಿಗೆ ದೊಡ್ಡ ಉಪಕಾರ, ಅದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದಕ್ಕೆ ನ್ಯಾಯವಾದ ಕೂಲಿ ಪಡೆಯಿರಿ. ಆದರೆ ಕೊಟ್ಟದ್ದು ಬಿಸಿಯೋ ಹೊಸ ಚಿಪ್ಪೋ ಎಂಬುದನ್ನು ಬಿಲ್ಲಿನ ಮೇಲೆ ಒಂದು ಸಾಲಿನಲ್ಲಿ ಬರೆದುಕೊಡಿರಿ. ಕೆಲವು ಗಿರಾಕಿಗಳು ಅದನ್ನು ಓದಿ ಹಿಂದಿರುಗಬಹುದು. ಉಳಿದವರು ನಿಮ್ಮ ಮಾತನ್ನು ನಂಬಿ ಮತ್ತೆ ಬರುತ್ತಾರೆ. ನಮ್ಮ ಗಳಿಕೆಯಲ್ಲಿ ಬರಕತ್ ಇರುವುದು ಅಂಥ ನಂಬಿಕೆಯಿಂದಲೇ. ಅಲ್ಲಾಹನು ನಮ್ಮ ಕೊಡುಕೊಳ್ಳುವಿಕೆಯಲ್ಲಿ ನೇರವನ್ನು ದಯಪಾಲಿಸಲಿ.